ಟಿವಿ ಕೇಂದ್ರದ ಸುವರ್ಣ ಮಹೋತ್ಸವ ಮತ್ತು ಹಳೆಯ ಟೇಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾರ್ವಜನಿಕ ಟಿವಿ ಕೇಂದ್ರವೊಂದಕ್ಕೆ 25, 50 ಅಥವಾ 75 ತುಂಬುವಾಗ ಎಲ್ಲರ ಕಣ್ಣೂ ಟೇಪ್ ಲೈಬ್ರರಿಯ ಮೇಲೆ ಬೀಳುತ್ತದೆ. ಅದುವರೆಗೆ ಆ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂದೂ ಗೊತ್ತಿರುವುದಿಲ್ಲ. ಇಲ್ಲಿರುವ ಪ್ರಶ್ನೆಗಳು ಹೆಚ್ಚಾಗಿ ಆ ಕೋಣೆಯ ಬಗ್ಗೆಯೇ ಇವೆ. ವೇದಿಕೆ, ಹಾರ, ಸ್ಮರಣ ಸಂಚಿಕೆಗಳ ವಿಚಾರಕ್ಕೆ ಬೇರೆಯವರಿದ್ದಾರೆ.

ಯಾವ ದಿನದಿಂದ ವರ್ಷ ಎಣಿಸಬೇಕು?

ಇದು ಕಾಣುವಷ್ಟು ಸುಲಭವಲ್ಲ. ಒಂದು ಕೇಂದ್ರಕ್ಕೆ ಸಾಮಾನ್ಯವಾಗಿ ನಾಲ್ಕು ಹುಟ್ಟಿದ ದಿನಗಳಿರುತ್ತವೆ: ಪರವಾನಗಿ ಸಿಕ್ಕ ದಿನ, ಮೊದಲ ಪ್ರಾಯೋಗಿಕ ಪ್ರಸಾರ, ದಿನನಿತ್ಯದ ಪ್ರಸಾರದ ಆರಂಭ, ಸ್ವತಂತ್ರ ಸಂಸ್ಥೆಯಾದ ದಿನ. ದೂರದರ್ಶನದ ಪ್ರಾಯೋಗಿಕ ಪ್ರಸಾರ ದೆಹಲಿಯಲ್ಲಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು; ದಿನನಿತ್ಯದ ಪ್ರಸಾರ 1965ರಲ್ಲಿ; ಆಕಾಶವಾಣಿಯಿಂದ ಬೇರೆಯಾದದ್ದು 1976ರಲ್ಲಿ. ಮೂರರಲ್ಲಿ ಯಾವುದನ್ನು ಹಿಡಿದರೂ ಲೆಕ್ಕ ಬೇರೆ. ಬಿಬಿಸಿಯ ನಿಯಮಿತ ಟಿವಿ ಸೇವೆ 1936ರ ನವೆಂಬರ್ 2ರಂದು ಆರಂಭವಾಯಿತು. ಯುದ್ಧದ ಕಾರಣ 1939ರ ಸೆಪ್ಟೆಂಬರ್ 1ರಿಂದ 1946ರ ಜೂನ್ 7ರವರೆಗೆ ಪರದೆ ಕಪ್ಪಾಗಿತ್ತು. ಆ ಖಾಲಿ ವರ್ಷಗಳನ್ನು ಯಾರೂ ಕಳೆದು ಎಣಿಸುವುದಿಲ್ಲ.

ಯಾವುದನ್ನಾದರೂ ಆರಿಸಿ, ಆದರೆ ಆಧಾರ ದಾಖಲೆಯನ್ನು ಕೈಯಲ್ಲಿಟ್ಟುಕೊಳ್ಳಿ. ಅಂದಿನ ಪ್ರಸಾರ ದಿನಚರಿ, ಟ್ರಾನ್ಸ್‌ಮಿಟರ್ ಲಾಗ್ ಪುಸ್ತಕ, ಪತ್ರಿಕೆಯ ಕಾರ್ಯಕ್ರಮ ಪಟ್ಟಿ ಇವುಗಳಲ್ಲಿ ಎರಡು ಹೊಂದಿಕೆಯಾದರೆ ಸಾಕು. ಹಿಂದಿನ ರಜತ ಮಹೋತ್ಸವದ ಸ್ಮರಣ ಸಂಚಿಕೆಯನ್ನು ಮಾತ್ರ ಆಧಾರ ಮಾಡಿಕೊಳ್ಳಬೇಡಿ. ತಪ್ಪು ದಿನಾಂಕಗಳು ಒಂದು ಸಂಚಿಕೆಯಿಂದ ಇನ್ನೊಂದಕ್ಕೆ ದಾಟುವುದೇ ಹಾಗೆ.

ಎಷ್ಟು ಮುಂಚೆ ಕೆಲಸ ಹಿಡಿಯಬೇಕು?

ಹದಿನೆಂಟು ತಿಂಗಳು. ಎರಡು ವರ್ಷವಿದ್ದರೆ ನೆಮ್ಮದಿ. ಆರು ತಿಂಗಳಿಗೆ ಇಳಿದರೆ ನೀವು ಮಾಡುವುದು ಉಳಿಸುವ ಕೆಲಸವಲ್ಲ, ಹೆಕ್ಕುವ ಕೆಲಸ ಅಷ್ಟೆ.

ಲೆಕ್ಕ ಹೀಗಿದೆ. ಅನಲಾಗ್ ಟೇಪನ್ನು ಅದರ ನಿಜವಾದ ವೇಗದಲ್ಲೇ ಓಡಿಸಬೇಕು. ಒಂದು ಗಂಟೆಯ ಟೇಪಿಗೆ ಒಂದು ಗಂಟೆ. ಅದಕ್ಕೆ ಮೊದಲು ಪರೀಕ್ಷೆ, ಹೆಡ್ (ಟೇಪನ್ನು ಓದುವ ತುದಿ) ಶುಚಿ, ಲೆವೆಲ್ (ಚಿತ್ರ, ಧ್ವನಿಗಳ ಮಟ್ಟ) ಹೊಂದಾಣಿಕೆ. ನಂತರ ಗುಣಮಟ್ಟದ ತಪಾಸಣೆ, ವಿವರ ದಾಖಲೆ. ಎಲ್ಲ ಸೇರಿ ಒಂದು ಗಂಟೆಯ ಟೇಪಿಗೆ ಮೂರು ಗಂಟೆಯ ಆಳುಕೆಲಸ ಎಂದು ಹಿಡಿಯಿರಿ. 100 ಗಂಟೆಗೆ 300 ಗಂಟೆ. ದಿನಕ್ಕೆ ಆರು ಗಂಟೆ ನಿಜವಾದ ಕೆಲಸ ನಡೆದರೆ ಒಂದು ಯಂತ್ರಕ್ಕೆ, ಒಬ್ಬರಿಗೆ 50 ಕೆಲಸದ ದಿನಗಳು. ಯಂತ್ರ ಕೆಟ್ಟು ನಿಲ್ಲುವ ದಿನಗಳು ಇದರ ಮೇಲೆ. ಅವು ಬಂದೇ ಬರುತ್ತವೆ.

ಲೈಬ್ರರಿಗೆ ಕಾಲಿಟ್ಟ ಮೊದಲ ದಿನ ಏನು ಮಾಡಬೇಕು?

ಯಾವ ಟೇಪನ್ನೂ ಓಡಿಸಬೇಡಿ. ಮೊದಲು ಪಟ್ಟಿ. ಪ್ರತಿ ಟೇಪಿಗೆ ಒಂದೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಸ್ಪ್ರೆಡ್‌ಶೀಟಿನಲ್ಲಿ ಇಷ್ಟು ಕಂಬಸಾಲು ತುಂಬಿ: ಸಂಖ್ಯೆ, ಟೇಪಿನ ಬಗೆ, ತಯಾರಕರ ಹೆಸರು, ಲೇಬಲ್ಲಿನಲ್ಲಿ ಇರುವುದು ಇರುವಂತೆಯೇ, ಪೆಟ್ಟಿಗೆಯ ಮೇಲಿರುವುದು, ಒಳಗಿನ ಚೀಟಿಯಲ್ಲಿರುವುದು, ಅವಧಿ, ಕಣ್ಣಿಗೆ ಕಾಣುವ ಸ್ಥಿತಿ, ಇಟ್ಟಿರುವ ಜಾಗ. ಲೇಬಲ್ಲಿಗೆ ಒಂದು ಫೋಟೊ ತೆಗೆದಿಡಿ.

ಪೆಟ್ಟಿಗೆಯನ್ನೂ ಟೇಪನ್ನೂ ಬೇರೆ ಬೇರೆ ಕಂಬಸಾಲಿನಲ್ಲಿ ಬರೆಯಲು ಕಾರಣವಿದೆ. ದಶಕಗಳಲ್ಲಿ ಪೆಟ್ಟಿಗೆ ಅದಲುಬದಲಾಗಿರುತ್ತದೆ. ಪೆಟ್ಟಿಗೆ ಹೇಳುವುದು ಜಾನಪದ ನೃತ್ಯ, ಒಳಗಿರುವುದು ಕೃಷಿ ಚರ್ಚೆ. ಲೇಬಲ್ಲಿನ ಕಾಗುಣಿತ ತಿದ್ದಬೇಡಿ. ತಿದ್ದಿದ ರೂಪಕ್ಕೆ ಬೇರೆ ಕಂಬಸಾಲು ಇರಲಿ. ಗುರುತಿನ ಸಂಖ್ಯೆಯನ್ನು ಪೆಟ್ಟಿಗೆಗೆ ಮಾತ್ರವಲ್ಲ, ಕ್ಯಾಸೆಟ್ಟಿನ ಮೈಗೂ ಅಂಟಿಸಿ. ಆದರೆ ಟೇಪಿನ ಬಾಗಿಲು ತೆರೆಯುವ ಕಡೆ ಅಂಟಿಸಬೇಡಿ, ಅದು ಯಂತ್ರದೊಳಗೆ ಕಿತ್ತು ಬರುತ್ತದೆ.

ಪಟ್ಟಿ ಮಾಡುವಾಗಲೇ ರೆಕಾರ್ಡ್ ತಡೆಯನ್ನೂ ಹಾಕಿ (ಟೇಪಿನ ಬಗೆಗಳ ಗುರುತು ಮುಂದಿನ ಪ್ರಶ್ನೆಯಲ್ಲಿದೆ). ವಿಎಚ್‌ಎಸ್‌ನ ಬೆನ್ನಿನ ಅಂಚಿನಲ್ಲಿರುವ ಪ್ಲಾಸ್ಟಿಕ್ ಚೂರನ್ನು ಮುರಿಯಬೇಕು, ಯು-ಮ್ಯಾಟಿಕ್‌ನ ಕೆಂಪು ಗುಂಡಿ ಕೀಳಬೇಕು, ಬೀಟಾಕ್ಯಾಮ್‌ನ ಕೆಂಪು ಬಿಲ್ಲೆಯನ್ನು ಒಳಕ್ಕೆ ಒತ್ತಬೇಕು. ಐವತ್ತು ವರ್ಷ ಉಳಿದ ಟೇಪಿನ ಮೇಲೆ ಒಂದು ತಪ್ಪು ಗುಂಡಿ ಒತ್ತಿದರೆ ಹೋಯಿತು.

ಯಾವ ಟೇಪು ಯಾವ ಕಾಲದ್ದು, ನೋಡಿದರೆ ಗೊತ್ತಾಗುತ್ತದೆಯೇ?

ಅಗಲ ನೋಡಿ. ಎರಡು ಇಂಚು ಅಗಲದ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರದ ರೀಲು ಕ್ವಾಡ್. ಆಂಪೆಕ್ಸ್ 1956ರಲ್ಲಿ ತಂದದ್ದು, ನಾಲ್ಕು ಹೆಡ್‌ಗಳು ಟೇಪಿಗೆ ಅಡ್ಡಲಾಗಿ ಗೀಚುತ್ತಿದ್ದವು. ಒಂದು ಇಂಚಿನ ರೀಲು ಬಹುತೇಕ ಟೈಪ್ ಸಿ ಅಥವಾ ಟೈಪ್ ಬಿ, 1976ರ ನಂತರದ್ದು. ಮುಕ್ಕಾಲು ಇಂಚಿನ ದಪ್ಪ ಕ್ಯಾಸೆಟ್ ಯು-ಮ್ಯಾಟಿಕ್, 1971ರಿಂದ. ದೊಡ್ಡದು ಸಾಮಾನ್ಯವಾಗಿ 60 ನಿಮಿಷ, ಹೊರಾಂಗಣಕ್ಕೆ ಒಯ್ಯುವ ಚಿಕ್ಕದು 20 ನಿಮಿಷ. ಅರ್ಧ ಇಂಚಿನ ಕ್ಯಾಸೆಟ್ ವಿಎಚ್‌ಎಸ್ ಅಲ್ಲದಿದ್ದರೆ ಬಹುತೇಕ ಬೀಟಾಕ್ಯಾಮ್ ಕುಟುಂಬ: 1982ರ ಮೂಲ ಬೀಟಾಕ್ಯಾಮ್, 1986ರ ಎಸ್‌ಪಿ, 1993ರ ಡಿಜಿಟಲ್ ಬೀಟಾಕ್ಯಾಮ್. ಕಾಲು ಇಂಚಿನ ಚಿಕ್ಕ ಕ್ಯಾಸೆಟ್ ಎಂದರೆ ಡಿವಿ, ಡಿವಿಕ್ಯಾಮ್ ಅಥವಾ ಡಿವಿಸಿ ಪ್ರೊ. 1990ರ ದಶಕದ ನಡುಭಾಗದಿಂದ ಈಚೆಗೆ.

ಬೀಟಾಕ್ಯಾಮ್ ಕ್ಯಾಸೆಟ್‌ಗಳು ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಡಿಜಿಟಲ್ ಬೀಟಾಕ್ಯಾಮ್ ಯಂತ್ರಗಳೆಲ್ಲ ಹಳೆಯ ಅನಲಾಗ್ ಟೇಪನ್ನು ಓದುವುದಿಲ್ಲ. ಮಾದರಿ ಸಂಖ್ಯೆಯಲ್ಲಿ ಡಿವಿಡಬ್ಲ್ಯೂ ನಂತರ ‘ಎ’ ಅಕ್ಷರ ಇದ್ದರೆ ಅನಲಾಗ್ ಓದುತ್ತದೆ.

ಎಲ್ಲವನ್ನೂ ಮಾಡಲಾಗದು. ಯಾವುದಕ್ಕೆ ಮೊದಲ ಸರದಿ?

ಸಮಾರಂಭಕ್ಕೆ ಬೇಕಾದ್ದಕ್ಕೆ ಮೊದಲ ಸರದಿ ಎಂಬುದು ಎಲ್ಲರ ಉತ್ತರ. ಅದು ಅರ್ಧ ಸರಿ. ಮೂರು ಪ್ರಶ್ನೆ ಹಾಕಿ ಅಂಕ ಕೊಡಿ: ಇದರ ಬೇರೆ ಪ್ರತಿ ಎಲ್ಲಾದರೂ ಇದೆಯೇ? ಟೇಪು ಎಷ್ಟು ಹದಗೆಟ್ಟಿದೆ? ಇದನ್ನು ಓದುವ ಯಂತ್ರ ಇನ್ನೆಷ್ಟು ದಿನ ಉಳಿದೀತು? ಪ್ರತಿಯಿಲ್ಲದ, ಕೆಡುತ್ತಿರುವ, ಯಂತ್ರ ಅಪರೂಪವಾದ ಟೇಪು ಮೊದಲು. ನಗೆಹಬ್ಬದ ಜನಪ್ರಿಯ ತುಣುಕು ಈಗಾಗಲೇ ಹತ್ತು ಕಡೆ ಇರುತ್ತದೆ. ಸ್ಥಳೀಯ ಸುದ್ದಿಯ ಕಚ್ಚಾ ಚಿತ್ರೀಕರಣ, ಮಕ್ಕಳ ಕಾರ್ಯಕ್ರಮ, ಕೃಷಿ ಮತ್ತು ಶಾಲಾ ಪಾಠಗಳು ಒಂದೇ ಪ್ರತಿಯಲ್ಲಿ ಉಳಿದಿರುತ್ತವೆ, ಮೊದಲು ಕೈಬಿಡುವುದೂ ಅವನ್ನೇ. ಐವತ್ತು ವರ್ಷದ ಹಿಂದಿನ ಬೀದಿ, ಉಡುಪು, ಮಾತಿನ ಧಾಟಿ ಎಲ್ಲ ಅಲ್ಲೇ ಇದೆ.

ಓಡಿಸುವ ಯಂತ್ರ ಎಲ್ಲಿಂದ ತರುವುದು?

ಸೋನಿ ಅರ್ಧ ಇಂಚಿನ ವಿಟಿಆರ್‌ಗಳ (ವಿಡಿಯೊ ಟೇಪ್ ಓಡಿಸುವ ಯಂತ್ರಗಳ) ಮಾರಾಟವನ್ನು 2016ರಲ್ಲಿ ನಿಲ್ಲಿಸಿತು. ಯು-ಮ್ಯಾಟಿಕ್, ಒಂದು ಇಂಚು, ಕ್ವಾಡ್ ಯಂತ್ರಗಳು ಅದಕ್ಕೂ ಬಹಳ ಮುಂಚೆಯೇ ನಿಂತವು. ಈಗ ಇರುವುದೆಲ್ಲ ಸೆಕೆಂಡ್‌ಹ್ಯಾಂಡ್. ಒಂದು ಕೊಳ್ಳುವ ಬದಲು ಅದೇ ಮಾದರಿಯ ಮೂರು ಕೊಳ್ಳಿ: ಒಂದು ಓಡಿಸಲು, ಒಂದು ಬದಲಿಗೆ, ಒಂದು ಬಿಡಿಭಾಗಕ್ಕೆ. ಕೊಳ್ಳುವಾಗ ಡ್ರಮ್ (ಹೆಡ್ಡುಗಳನ್ನು ಹೊತ್ತು ತಿರುಗುವ ಉರುಳೆ) ಗಂಟೆಗಳ ಮೀಟರ್ ನೋಡಿ, ಅದು ಹೆಡ್ ಎಷ್ಟು ಸವೆದಿದೆ ಎಂದು ಹೇಳುತ್ತದೆ. ಟೇಪನ್ನು ಒತ್ತಿ ಎಳೆಯುವ ರಬ್ಬರ್ ಪಿಂಚ್ ರೋಲರ್ ಹೊಳಪಾಗಿ ಗಟ್ಟಿಯಾಗಿದ್ದರೆ ಟೇಪು ಜಾರುತ್ತದೆ. ಬೆಲ್ಟು ಅಂಟಾಗಿದ್ದರೆ ಟೇಪನ್ನು ನುಂಗುತ್ತದೆ. ಪವರ್ ಸಪ್ಲೈಯ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು ಸೋರಿರುತ್ತವೆ. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರಕ್ಕೆ ನೇರವಾಗಿ ಕರೆಂಟು ಕೊಡುವ ಮೊದಲು ಅವನ್ನು ನೋಡಿಸಿ. ಯಾವ ಯಂತ್ರಕ್ಕಾದರೂ ಮೊದಲು ಹಾಕಬೇಕಾದದ್ದು ಹೋದರೂ ಚಿಂತೆಯಿಲ್ಲದ ಟೇಪು.

ಯಂತ್ರಕ್ಕಿಂತ ಬೇಗ ಖಾಲಿಯಾಗುತ್ತಿರುವುದು ಅದನ್ನು ರಿಪೇರಿ ಮಾಡಬಲ್ಲ ಕೈಗಳು. ನಿವೃತ್ತ ವಿಟಿಆರ್ ಎಂಜಿನಿಯರ್ ಒಬ್ಬರನ್ನು ವಾರಕ್ಕೆ ಎರಡು ದಿನ ಕರೆಸಿಕೊಂಡರೆ ಮೂರನೇ ಯಂತ್ರಕ್ಕಿಂತ ಹೆಚ್ಚು ಲಾಭ. ಪಕ್ಕದಲ್ಲಿ ಒಬ್ಬ ಹೊಸಬರನ್ನು ಕೂರಿಸಿ.

ಟೇಪು ಕಿರುಗುಟ್ಟುತ್ತದೆ, ನಿಧಾನವಾಗಿ ನಿಂತೇ ಬಿಡುತ್ತದೆ. ಏನಾಗಿದೆ?

ತಕ್ಷಣ ನಿಲ್ಲಿಸಿ, ಮತ್ತೆ ಪ್ರಯತ್ನಿಸಬೇಡಿ. ಟೇಪಿನ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಪಾಲಿಯುರೆಥೇನ್. ಅದು ಗಾಳಿಯ ತೇವ ಹೀರಿ ಒಡೆದು ಜಿಗುಟಾಗುತ್ತದೆ. ಓಡಿಸಿದರೆ ಕಂದು ಬಣ್ಣದ ಲೇಪ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಆ ಕಂದು ಲೇಪವೇ ನಿಮ್ಮ ಕಾರ್ಯಕ್ರಮ.

ಇದಕ್ಕೆ ತಾತ್ಕಾಲಿಕ ಮದ್ದು ‘ಬೇಯಿಸುವುದು’. ಪ್ರಯೋಗಾಲಯದ ಇನ್‌ಕ್ಯುಬೇಟರಿನಲ್ಲಿ 50ರಿಂದ 54 ಡಿಗ್ರಿ ಸೆಲ್ಸಿಯಸ್, ಕನಿಷ್ಠ 8 ಗಂಟೆ. ಅಗಲದ ರೀಲುಗಳಿಗೆ ಒಂದು ದಿನವೂ ಹಿಡಿಯಬಹುದು. ಕ್ಯಾಸೆಟ್ಟುಗಳ ಪ್ಲಾಸ್ಟಿಕ್ ಬಾಗುವ ಭಯವಿರುವುದರಿಂದ ಶಾಖ ಇನ್ನೂ ಕಡಿಮೆ, ಹೊತ್ತು ಇನ್ನೂ ಹೆಚ್ಚು. ನಂತರ ಬೆಂದಷ್ಟೇ ಹೊತ್ತು ತಣಿಯಲು ಬಿಡಬೇಕು. ಅಲ್ಲಿಂದ ಕೆಲವು ವಾರಗಳವರೆಗೆ ಟೇಪು ಓಡುತ್ತದೆ, ಆಮೇಲೆ ಮತ್ತೆ ಜಿಗುಟಾಗುತ್ತದೆ. ಹಾಗಾಗಿ ಯಂತ್ರ ಸಿದ್ಧವಾಗದೆ ಟೇಪು ಬೇಯಿಸಬೇಡಿ.

ಅಡುಗೆಯ ಓವನ್ ಇದಕ್ಕೆ ಆಗದು: ಅದರ ಶಾಖ ಹತ್ತಿಪ್ಪತ್ತು ಡಿಗ್ರಿ ಏರಿಳಿಯುತ್ತದೆ. ಮೈಕ್ರೋವೇವ್ ಅಂತೂ ಸುಳಿಯಲೇಬಾರದು. ಇನ್ನೊಂದು ಎಚ್ಚರ: ಹಳೆಯ ಧ್ವನಿ ರೀಲುಗಳಲ್ಲಿ ಅಸಿಟೇಟ್ ತಳದವೂ ಇರುತ್ತವೆ, ಅವನ್ನು ಬೇಯಿಸಿದರೆ ಹಾಳು. ರೀಲನ್ನು ಪಕ್ಕದಿಂದ ಬೆಳಕಿಗೆ ಹಿಡಿಯಿರಿ. ಬೆಳಕು ಹಾಯ್ದರೆ ಅಸಿಟೇಟ್, ಕತ್ತಲಾಗಿದ್ದರೆ ಪಾಲಿಯೆಸ್ಟರ್.

ಬಿಳಿ ಬೂಸ್ಟು ಹಿಡಿದ ಟೇಪು?

ಕೂಡಲೇ ಬೇರೆ ಕೋಣೆಗೆ ಸಾಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮುಟ್ಟುವಾಗ ಕೈಗವಸು ಮತ್ತು ಎನ್95 ಮುಖಗವಸು ಕಡ್ಡಾಯ. ಮೊದಲು ಒಣಹವೆಯಲ್ಲಿ ಒಣಗಿಸಬೇಕು. ಒಣಗಿದ ಬೂಸ್ಟು ಪುಡಿಯಾಗುತ್ತದೆ, ಹಸಿ ಬೂಸ್ಟು ಮೆತ್ತಿಕೊಳ್ಳುತ್ತದೆ. ಆಮೇಲೆ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮಿನಿಂದ ಹೊರಮೈ ತೆಗೆದು, ಶುಚಿ ಯಂತ್ರದಲ್ಲಿ ಟೇಪನ್ನು ಒರೆಸಬೇಕು. ಒಳ್ಳೆಯ ವಿಟಿಆರ್‌ಗೆ ಬೂಸ್ಟಿನ ಟೇಪು ಹಾಕಿದರೆ ಆಮೇಲೆ ಹಾಕುವ ಪ್ರತಿ ಟೇಪಿಗೂ ಅದು ಹರಡುತ್ತದೆ.

ಚಿತ್ರ ಬರುತ್ತಿದೆ, ಆದರೆ ಸರಿಯಿಲ್ಲ. ದೋಷ ಟೇಪಿನದೋ ಯಂತ್ರದ್ದೋ?

ಮೊದಲು ಗೊತ್ತಿರುವ ಒಳ್ಳೆಯ ಟೇಪು ಹಾಕಿ ನೋಡಿ. ಅದರಲ್ಲೂ ದೋಷ ಕಂಡರೆ ಯಂತ್ರದ್ದು.

ಇದ್ದಕ್ಕಿದ್ದಂತೆ ಹಿಮ ಬಿದ್ದಂತಾದರೆ ಹೆಡ್ ಕಟ್ಟಿಕೊಂಡಿದೆ. 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಚಾಮೊಯಿ ಚರ್ಮದ ಕಡ್ಡಿಯನ್ನು ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನೇ ಕೈಯಿಂದ ತಿರುಗಿಸಿ. ಕಡ್ಡಿಯನ್ನು ಮೇಲೆ ಕೆಳಗೆ ಎಂದೂ ಉಜ್ಜಬೇಡಿ, ಹೆಡ್ಡಿನ ತುದಿ ಮುರಿಯುತ್ತದೆ. ಹತ್ತಿ ಕಡ್ಡಿಯ ಎಳೆ ಸಿಕ್ಕಿಕೊಳ್ಳುವುದರಿಂದ ಅದೂ ಬೇಡ. ಪೂರ್ತಿ ಆರುವವರೆಗೆ ಟೇಪು ಹಾಕಬೇಡಿ.

ಚಿತ್ರದ ಮೇಲ್ಭಾಗ ಬಾವುಟದಂತೆ ಒಂದು ಕಡೆಗೆ ವಾಲಿದರೆ ಅದು ಟೇಪಿನ ಬಿಗಿತದ ಸಮಸ್ಯೆ. ಯು-ಮ್ಯಾಟಿಕ್‌ನಲ್ಲಿ ಸ್ಕ್ಯೂ ಗುಂಡಿ ತಿರುಗಿಸಿದರೆ ನೇರವಾಗುತ್ತದೆ. ಚುಕ್ಕೆ ತುಂಬಿದ ಅಡ್ಡ ಪಟ್ಟಿ ಒಂದೇ ಜಾಗದಲ್ಲಿ ನಿಂತಿದ್ದರೆ ಟ್ರ್ಯಾಕಿಂಗ್ ದೋಷ, ಅಂದರೆ ಹೆಡ್ ಟೇಪಿನ ಗೆರೆಯ ಮೇಲೆ ಸರಿಯಾಗಿ ಓಡುತ್ತಿಲ್ಲ. ಲಂಬ ಗೆರೆಗಳು ನಡುಗುತ್ತಿದ್ದರೆ ಟೈಮ್ ಬೇಸ್ ಕರೆಕ್ಟರ್ (ಚಿತ್ರದ ಗೆರೆಗಳ ಸಮಯವನ್ನು ಸರಿಪಡಿಸುವ ಉಪಕರಣ) ಇಲ್ಲ ಅಥವಾ ಕೆಲಸ ಮಾಡುತ್ತಿಲ್ಲ. ಅದಿಲ್ಲದೆ ಡಿಜಿಟೈಸ್ ಮಾಡಲು ಹೊರಡಲೇಬಾರದು: ಕ್ಯಾಪ್ಚರ್ ಕಾರ್ಡು ಅಲುಗುವ ಸಿಂಕ್ ಕಂಡೊಡನೆ ಫ್ರೇಮುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಕೊನೆಗೆ ಮಾತು ಒಂದು ಕಡೆ ತುಟಿ ಒಂದು ಕಡೆ ಆಗುತ್ತದೆ. ಚಿಕ್ಕ ಬಿಳಿ ಗೀರುಗಳು ಬಂದು ಮಾಯವಾಗುತ್ತಿದ್ದರೆ ಲೇಪ ಉದುರಿದ ಜಾಗ, ಅದು ಟೇಪಿನದೇ ದೋಷ. ಅದನ್ನು ಆದಷ್ಟು ಯಂತ್ರದ ಡ್ರಾಪ್‌ಔಟ್ ಕಾಂಪೆನ್ಸೇಟರಿನಲ್ಲೇ ಮುಚ್ಚಬೇಕು; ಫೈಲಾದ ಮೇಲೆ ಮುಚ್ಚುವುದು ಹತ್ತು ಪಟ್ಟು ಕೆಲಸ.

ಟೇಪಿನ ಆರಂಭದಲ್ಲಿ ಬಣ್ಣದ ಪಟ್ಟಿ ಮತ್ತು 1 ಕಿಲೊಹರ್ಟ್ಸ್ ಟೋನ್ ಇದ್ದರೆ ದೇವರು ಕೊಟ್ಟ ವರ ಎಂದುಕೊಳ್ಳಿ. ಬಿಳಿ 700 ಮಿಲಿವೋಲ್ಟ್, ಕಪ್ಪು ಸೊನ್ನೆ ಎಂದು ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್ ಮಾನಿಟರಿನಲ್ಲಿ, ಬಣ್ಣಗಳನ್ನು ಬಣ್ಣ ಅಳೆಯುವ ವೆಕ್ಟರ್‌ಸ್ಕೋಪಿನ ಚೌಕಗಳಲ್ಲಿ ಕೂರಿಸಿ. ಟೋನನ್ನು ಯುರೋಪಿನ ರೂಢಿಯಲ್ಲಿ ಮೈನಸ್ 18, ಅಮೆರಿಕದ ರೂಢಿಯಲ್ಲಿ ಮೈನಸ್ 20 ಡಿಬಿಎಫ್‌ಎಸ್‌ಗೆ (ಡಿಜಿಟಲ್ ಧ್ವನಿಮಟ್ಟದ ಅಳತೆ) ಹೊಂದಿಸಿ. ಕಣ್ಣಂದಾಜಿನಲ್ಲಿ ಬಣ್ಣ ತಿದ್ದಬೇಡಿ. ಪಟ್ಟಿ ಒಂದು ಲೆವೆಲ್ಲಿನಲ್ಲಿ, ಕಾರ್ಯಕ್ರಮ ಇನ್ನೊಂದರಲ್ಲಿ ಇರುವ ಟೇಪುಗಳೂ ಉಂಟು, ಆದ್ದರಿಂದ ಪಟ್ಟಿ ಹೊಂದಿಸಿದ ಮೇಲೆ ಕಾರ್ಯಕ್ರಮದ ನಡುವೆ ಎರಡು ಕಡೆ ಇಣುಕಿ ನೋಡಿ.

ಯಾವ ಬಗೆಯ ಫೈಲಾಗಿ ಉಳಿಸಬೇಕು?

ಮೂರು ಬಗೆ. ಮೂಲಪ್ರತಿಗೆ 10 ಬಿಟ್, 4:2:2 (ಬಣ್ಣದ ವಿವರ ಎಷ್ಟು ಎಂಬ ಅಳತೆ), ಸಂಕುಚಿತವಲ್ಲದ ಚಿತ್ರ, ಇಲ್ಲವೇ ನಷ್ಟವಿಲ್ಲದ ಎಫ್‌ಎಫ್‌ವಿ1 ಕೋಡೆಕ್ (ಚಿತ್ರವನ್ನು ಕುಗ್ಗಿಸುವ ವಿಧಾನ) ಅನ್ನು ಮಟ್ರೋಸ್ಕಾ ಎಂಬ ಫೈಲ್ ಹೊದಿಕೆಯಲ್ಲಿ. ಧ್ವನಿ 48 ಕಿಲೊಹರ್ಟ್ಸ್, 24 ಬಿಟ್. ಎಫ್‌ಎಫ್‌ವಿ1ರ 3ನೇ ಆವೃತ್ತಿ ಪ್ರತಿ ಫ್ರೇಮಿನ ತುಂಡುಗಳಿಗೂ ಸಿಆರ್‌ಸಿ (ತಾಳೆ ನೋಡುವ ಸಂಖ್ಯೆ) ಬರೆಯುವುದರಿಂದ ಎಲ್ಲಿ ಕೆಟ್ಟಿದೆ ಎಂದು ಮುಂದೆ ತಿಳಿಯುತ್ತದೆ. ಸಂಕಲನ ಮತ್ತು ಪ್ರಸಾರಕ್ಕೆ ನಿಮ್ಮ ಕೇಂದ್ರ ಬಳಸುವ ಎಂಎಕ್ಸ್‌ಎಫ್ ಎಂಬ ಪ್ರಸಾರ ಫೈಲು. ನೋಡಿ ಹುಡುಕುವುದಕ್ಕೆ ಚಿಕ್ಕ ಎಂಪಿ4.

ಮೂಲಪ್ರತಿಯನ್ನು ಇಂಟರ್‌ಲೇಸ್ ಆಗಿದ್ದಂತೆಯೇ, ಅಂದರೆ ಒಂದು ಫ್ರೇಮಿನ ಗೆರೆಗಳು ಒಂದು ಬಿಟ್ಟು ಒಂದರಂತೆ ಎರಡು ಫೀಲ್ಡುಗಳಾಗಿರುವಂತೆಯೇ ಬಿಡಿ. ಡಿಇಂಟರ್‌ಲೇಸ್ ಮಾಡುವುದಾದರೆ ಪ್ರತಿಯಲ್ಲಿ ಮಾಡಿ, ಅದೂ ಸೆಕೆಂಡಿಗೆ 50 ಫೀಲ್ಡಿನದ್ದನ್ನು 50 ಫ್ರೇಮಾಗಿ ಮಾಡಿ. 25ಕ್ಕೆ ಇಳಿಸಿದರೆ ಚಲನೆಯ ಅರ್ಧ ಹೋಗುತ್ತದೆ, ವಿಡಿಯೊ ಫಿಲ್ಮಿನ ಹಾಗೆ ಕಾಣುತ್ತದೆ. ಫೀಲ್ಡಿನ ಕ್ರಮ ತಪ್ಪಿದರೆ ಓಡುವವರು ಮುಂದೆ ಹಿಂದೆ ಜರ್ಕ್ ಹೊಡೆಯುತ್ತಾರೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು, 625 ಗೆರೆಯ ಉಳಿದ ಬಹುಪಾಲಿನಲ್ಲಿ ಮೇಲಿನದು ಮೊದಲು.

ಡಿವಿ ಟೇಪುಗಳು ಈಗಾಗಲೇ ಡಿಜಿಟಲ್. ಅವನ್ನು ಅನಲಾಗ್ ತಂತಿಯಲ್ಲಿ ಹಾಯಿಸಿ ಮತ್ತೆ ಡಿಜಿಟೈಸ್ ಮಾಡುವುದು ಹಾಲಿಗೆ ನೀರು ಬೆರೆಸಿದಂತೆ. ಫೈರ್‌ವೈರ್ ಮೂಲಕ ಇದ್ದದ್ದನ್ನು ಇದ್ದಂತೆ ನಕಲು ಮಾಡಿ.

ಎಷ್ಟು ಜಾಗ ಬೇಕು? ಎಲ್ಲಿ ಇಡಬೇಕು?

ಸಂಕುಚಿತವಲ್ಲದ 10 ಬಿಟ್ ಎಸ್‌ಡಿ (ಹಳೆಯ ಸಾಮಾನ್ಯ ಟಿವಿ ಸ್ಪಷ್ಟತೆಯ) ಚಿತ್ರ ಗಂಟೆಗೆ ಸುಮಾರು 100 ಜಿಬಿ. ಎಫ್‌ಎಫ್‌ವಿ1 ಅದರ ಅರ್ಧದ ಆಸುಪಾಸು. ಚುಕ್ಕೆ, ಗೀರು ತುಂಬಿದ ಚಿತ್ರವಿದ್ದರೆ ಹೆಚ್ಚು. ಡಿವಿ ಗಂಟೆಗೆ 13 ಜಿಬಿ. ನೋಡುವ ಪ್ರತಿ 2 ಜಿಬಿ. ಹೀಗೆ 1,000 ಗಂಟೆಗೆ ಎಫ್‌ಎಫ್‌ವಿ1ನಲ್ಲೂ 50 ಟಿಬಿ ಹಿಡಿಯಿರಿ, ಅದರ ಮೂರು ಪ್ರತಿ ಬೇಕು.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ. ಕಂಪ್ಯೂಟರ್ ಫೈಲುಗಳನ್ನಿಡುವ ಎಲ್‌ಟಿಒ-8 ಟೇಪಿನಲ್ಲಿ 12 ಟಿಬಿ, ಎಲ್‌ಟಿಒ-9ರಲ್ಲಿ 18 ಟಿಬಿ ಹಿಡಿಯುತ್ತದೆ. ಎಲ್‌ಟಿಒ-8 ಮತ್ತು 9ರ ಡ್ರೈವುಗಳು ತಮ್ಮ ಹಿಂದಿನ ಒಂದೇ ಪೀಳಿಗೆಯನ್ನು ಓದುತ್ತವೆ. ಬಜೆಟ್ಟಿನಲ್ಲಿ ಮುಂದಿನ ವಲಸೆಗೂ ಕಂಬಸಾಲು ಬೇಕು. ಪ್ರತಿ ಫೈಲಿಗೂ ಹುಟ್ಟಿದ ದಿನವೇ ಎಂಡಿ5 ಅಥವಾ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲು ಬದಲಾದರೆ ತಾನೂ ಬದಲಾಗುವ ಸಂಖ್ಯೆ) ತೆಗೆದು, ನಕಲು ಮಾಡಿದಾಗಲೆಲ್ಲ ಹೋಲಿಸಿ. ಪೆನ್‌ಡ್ರೈವ್, ಡಿವಿಡಿ, ಯಾರದೋ ಮೇಜಿನ ಖಾನೆಯ ಹಾರ್ಡ್‌ಡಿಸ್ಕ್ ಇವು ಸಂಗ್ರಹವಲ್ಲ.

ನಮ್ಮಲ್ಲಿ ಫಿಲ್ಮ್ ಡಬ್ಬಿಗಳೂ ಇವೆ.

ಮುಚ್ಚಳ ತೆಗೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ತಳ ಕೊಳೆಯುತ್ತಿದೆ. ಆ ಹಬೆ ಪಕ್ಕದ ಡಬ್ಬಿಯನ್ನೂ ಕೆಡಿಸುತ್ತದೆ. ಆಮ್ಲಕ್ಕೆ ಬಣ್ಣ ಬದಲಿಸುವ ಎ-ಡಿ ಕಾಗದದ ಪಟ್ಟಿಯನ್ನು ಡಬ್ಬಿಯಲ್ಲಿಟ್ಟರೆ ನೀಲಿಯಿಂದ ಹಳದಿಗೆ ತಿರುಗುವುದನ್ನು 0ರಿಂದ 3ರವರೆಗೆ ಅಳೆಯಬಹುದು, 1.5 ದಾಟಿದರೆ ಕೊಳೆತ ತಾನಾಗಿಯೇ ಓಟಕ್ಕೆ ಬೀಳುತ್ತದೆ, ಅದನ್ನು ಮೊದಲು ಸ್ಕ್ಯಾನ್ ಮಾಡಿ. 16 ಎಂಎಂ ಎಂದೂ ಬೆಂಕಿಗಾಹುತಿಯಾಗುವ ನೈಟ್ರೇಟ್ ಅಲ್ಲ, ಆ ಭಯ ಬೇಡ.

400 ಅಡಿಯ 16 ಎಂಎಂ ಸುರುಳಿ ಸುಮಾರು 11 ನಿಮಿಷ. ಸುದ್ದಿ ಫಿಲ್ಮ್ ಬಹುಪಾಲು ರಿವರ್ಸಲ್, ಅಂದರೆ ಕ್ಯಾಮೆರಾದಲ್ಲಿ ಓಡಿದ್ದೇ ಪ್ರಸಾರವಾದ ಪ್ರತಿ, ನೆಗೆಟಿವ್ ಇಲ್ಲ. ಧ್ವನಿ ಅದೇ ಪಟ್ಟಿಯಲ್ಲಿದ್ದರೆ ಚಿತ್ರಕ್ಕಿಂತ ಮುಂದಿರುತ್ತದೆ: ಆಪ್ಟಿಕಲ್ ಆದರೆ 26 ಫ್ರೇಮ್, ಮ್ಯಾಗ್ನೆಟಿಕ್ ಆದರೆ 28 ಫ್ರೇಮ್. ಸ್ಕ್ಯಾನ್ ಮಾಡಿದ ಮೇಲೆ ಮಾತು ಒಂದು ಸೆಕೆಂಡು ತಪ್ಪಿದೆ ಎನ್ನುವ ದೂರಿನ ಮೂಲ ಇದೇ. ಧ್ವನಿ ಬೇರೆಯೇ ರಂಧ್ರಪಟ್ಟಿಯಲ್ಲಿದ್ದರೆ ಎರಡು ಡಬ್ಬಿಯನ್ನೂ ಜೋಡಿಯಾಗಿ ಹುಡುಕಬೇಕು. ಬಿಸಾಡುವವರು ಮೊದಲು ಬಿಸಾಡುವುದು ಚಿತ್ರವಿಲ್ಲದ ಆ ಕಂದು ಸುರುಳಿಯನ್ನೇ.

ಆರಂಭದ ವರ್ಷಗಳ ಕಾರ್ಯಕ್ರಮಗಳೇ ಇಲ್ಲವಲ್ಲ?

ಬಹುತೇಕ ಎಲ್ಲ ಕಡೆ ಹೀಗೆಯೇ. ನೇರಪ್ರಸಾರವಾದದ್ದು ದಾಖಲಾಗಲೇ ಇಲ್ಲ. ದಾಖಲಾದ ಟೇಪು ದುಬಾರಿ, ಅಳಿಸಿ ಮತ್ತೆ ಬಳಸಬಹುದಾಗಿತ್ತು. ಬಿಬಿಸಿಯಂಥ ಸಂಸ್ಥೆಯೇ 1960 ಮತ್ತು 70ರ ದಶಕಗಳಲ್ಲಿ ಸಾಲುಸಾಲು ಧಾರಾವಾಹಿಗಳನ್ನು ಅಳಿಸಿತು. ಅವುಗಳಲ್ಲಿ ಹಿಂದಕ್ಕೆ ಸಿಕ್ಕಿದವು ಹೆಚ್ಚಾಗಿ ಪರದೇಶದ ಕೇಂದ್ರಗಳಿಗೆ ಮಾರಿದ್ದ 16 ಎಂಎಂ ಪ್ರತಿಗಳು ಮತ್ತು ಖಾಸಗಿ ಸಂಗ್ರಾಹಕರ ಬಳಿ ಇದ್ದವು. ನೀವೂ ಅದೇ ದಾರಿಯಲ್ಲಿ ಹುಡುಕಿ: ಕಾರ್ಯಕ್ರಮ ವಿನಿಮಯ ಮಾಡಿಕೊಂಡ ಕೇಂದ್ರಗಳು, ಕಾರ್ಯಕ್ರಮದಲ್ಲಿ ಭಾಗವಹಿಸಿದ ಕಲಾವಿದರ ಮನೆಗಳು, ವಿಶ್ವವಿದ್ಯಾಲಯಗಳ ಗ್ರಂಥಾಲಯ, ಪ್ರಶಸ್ತಿಗೆ ಕಳಿಸಿದ ಪ್ರತಿಗಳು. ಚಿತ್ರ ಸಿಗದಿದ್ದರೆ ಧ್ವನಿ, ಹಸ್ತಪ್ರತಿ, ಸ್ಟಿಲ್ ಫೋಟೊ ಸಿಕ್ಕೀತು.

ವೀಕ್ಷಕರ ಮನೆಯ ವಿಎಚ್‌ಎಸ್‌ಗಳನ್ನು ಕೇಳಬಹುದೇ?

ಕೇಳಲೇಬೇಕು. ಕೇಂದ್ರ ತನ್ನ ಕಾರ್ಯಕ್ರಮವನ್ನು ಇಟ್ಟಿರುತ್ತದೆ. ಕಾರ್ಯಕ್ರಮಗಳ ನಡುವಿನ ಉದ್ಘೋಷಕಿ, ಗಡಿಯಾರ, ‘ತಾಂತ್ರಿಕ ತೊಂದರೆ’ ಫಲಕ, ಜಾಹೀರಾತು ಇವನ್ನು ಯಾರೂ ಇಟ್ಟಿರುವುದಿಲ್ಲ. ಅವು ಉಳಿದಿರುವುದು ಮನೆಗಳಲ್ಲಿ, ಮದುವೆಯ ಕ್ಯಾಸೆಟ್ಟಿನ ಕೊನೆಯಲ್ಲಿ. ಕೊಡುವವರಿಗೆ ಹೇಳಿ: ಟೇಪನ್ನು ನೋಡಲು ಹೋಗಬೇಡಿ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ. ಪಡೆಯುವಾಗ ರಸೀದಿ ಕೊಡಿ. ಟೇಪಿನ ಗುರುತು, ವಾಪಸು ಕೊಡುವ ದಿನಾಂಕ, ಮನೆಯ ಖಾಸಗಿ ಭಾಗವನ್ನು ಬಳಸುವುದಿಲ್ಲ ಎಂಬ ಮಾತು ಅದರಲ್ಲಿರಲಿ. ಅರ್ಧ ವೇಗದ ಎಲ್‌ಪಿಯಲ್ಲಿ ದಾಖಲಾದವನ್ನು ಓದಲು ಆ ವೇಗವಿರುವ ಮನೆಬಳಕೆಯ ಯಂತ್ರವೇ ಬೇಕಾಗಬಹುದು; ಸ್ಟುಡಿಯೊದ ವಿಎಚ್‌ಎಸ್ ಯಂತ್ರಗಳಲ್ಲಿ ಎಷ್ಟೋ ಪೂರ್ಣ ವೇಗದ ಎಸ್‌ಪಿ ಮಾತ್ರ ಓದುತ್ತವೆ.

ಹಳೆಯ ಚೌಕ ಚಿತ್ರವನ್ನು ಅಗಲದ ಪರದೆಗೆ ತುಂಬಿಸುವುದು ಹೇಗೆ?

ತುಂಬಿಸಬೇಡಿ. 1920 × 1080ರ ಪರದೆಯಲ್ಲಿ 4:3 ಚಿತ್ರಕ್ಕೆ 1440 ಪಿಕ್ಸೆಲ್ ಅಗಲ, ಎರಡೂ ಪಕ್ಕ 240ರ ಕಪ್ಪು. ಎಳೆದರೆ ಎಲ್ಲರೂ ಊದಿಕೊಳ್ಳುತ್ತಾರೆ. ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಕಾಲು ಭಾಗ ಹೋಗುತ್ತದೆ. ಅಂದಿನ ಕ್ಯಾಮೆರಾದವರು ಹೆಸರಿನ ಪಟ್ಟಿಯನ್ನು ಆ ಕೆಳಗಿನ ಭಾಗದಲ್ಲೇ ಇಟ್ಟಿದ್ದರು, ನರ್ತಕಿಯ ಪಾದವೂ ಅಲ್ಲೇ. ಪಕ್ಕದ ಖಾಲಿಯಲ್ಲಿ ಅದೇ ಚಿತ್ರವನ್ನು ಮಸುಕಾಗಿ ತುಂಬುವ ಚಾಳಿ ನೋಡುವವರ ಕಣ್ಣನ್ನು ನಡುವಿನಿಂದ ಎಳೆಯುತ್ತದೆ.

ಎಐ ಬಳಸಿ ಹೊಳಪು ಕೊಡಬಹುದೇ?

ಪ್ರೊಮೊಗೆ, ಪ್ರತಿಯ ಮೇಲೆ, ಎಚ್ಚರದಿಂದ. ಇಂಥ ಸಾಫ್ಟ್‌ವೇರ್ ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ದೂರದ ಮುಖಕ್ಕೆ ಬೇರೆಯವರ ಕಣ್ಣು ಬರುತ್ತದೆ, ಫಲಕದ ಮೇಲಿನ ಕನ್ನಡ ಅಕ್ಷರ ಯಾವ ಲಿಪಿಯೂ ಅಲ್ಲದ ಗೀಚಾಗುತ್ತದೆ. ಕಪ್ಪುಬಿಳುಪಿಗೆ ಬಣ್ಣ ಹಚ್ಚಿದರೆ ಪರದೆಯ ಮೇಲೆ ಹಾಗೆಂದು ಬರೆಯಿರಿ. ಮೂಲಪ್ರತಿಯ ಹತ್ತಿರ ಅದನ್ನು ಬಿಡಬೇಡಿ.

ಧ್ವನಿ ಒಂದೇ ಕಿವಿಗೆ ಬರುತ್ತದೆ, ಗುಂಯ್‌ಗುಡುತ್ತದೆ, ಹಳೆಯದು ಸಣ್ಣಗೆ ಹೊಸದು ಜೋರಾಗಿ ಕೇಳುತ್ತದೆ.

ಮೂರೂ ಬೇರೆ ಬೇರೆ. ಒಂದೇ ಕಿವಿಗೆ ಬಂದರೆ ಅದನ್ನು ಕೂಡಲೇ ಎರಡೂ ಕಡೆಗೆ ನಕಲು ಮಾಡಬೇಡಿ, ಎರಡನೇ ಟ್ರ್ಯಾಕಿನಲ್ಲಿ ಏನಿದೆ ಕೇಳಿ. ನಿರೂಪಣೆ ಒಂದರಲ್ಲಿ, ಸ್ಥಳದ ಸದ್ದು ಇನ್ನೊಂದರಲ್ಲಿ ಇಡುವುದು ರೂಢಿಯಲ್ಲಿತ್ತು; ಬೀಟಾಕ್ಯಾಮ್ ಎಸ್‌ಪಿಯಲ್ಲಿ 3 ಮತ್ತು 4ನೇ ಟ್ರ್ಯಾಕುಗಳೂ ಇವೆ, ಅವನ್ನೂ ಸೆರೆಹಿಡಿಯಿರಿ. ಗುಂಯ್‌ಗುಡುವುದು ಕರೆಂಟಿನ ಹಮ್. 50 ಹರ್ಟ್ಸ್ ಮತ್ತು ಅದರ ಗುಣಕಗಳಾದ 100, 150ರಲ್ಲಿ ಕಿರಿದಾದ ಫಿಲ್ಟರ್ ಸಾಕು. ಆದರೆ ಮೊದಲು ನಿಮ್ಮದೇ ತಂತಿಯ ಅರ್ಥಿಂಗ್ ನೋಡಿಕೊಳ್ಳಿ, ಹಮ್ ಹೊಸದಾಗಿ ಹುಟ್ಟಿದ್ದೂ ಇರಬಹುದು. ಸುಯ್‌ಗುಡುವ ಟೇಪು ಸದ್ದನ್ನು ಪೂರ್ತಿ ಒರೆಸಿದರೆ ಮಾತು ನೀರೊಳಗಿಂದ ಬಂದಂತಾಗುತ್ತದೆ. ಸ್ವಲ್ಪ ಉಳಿಯಲಿ.

ಜೋರು-ಸಣ್ಣದ ಹೊಂದಾಣಿಕೆ ಪ್ರಸಾರದ ಪ್ರತಿಯಲ್ಲಿ: ಯುರೋಪಿನ ಆರ್128 ಪ್ರಕಾರ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ), ಅಮೆರಿಕದ ಎ/85 ಪ್ರಕಾರ ಮೈನಸ್ 24.

ನಮ್ಮದೇ ಕಾರ್ಯಕ್ರಮ, ಮತ್ತೆ ತೋರಿಸಲು ಅನುಮತಿ ಯಾಕೆ?

ಟೇಪು ನಿಮ್ಮದು, ಒಳಗಿರುವುದೆಲ್ಲ ನಿಮ್ಮದಲ್ಲ. ನಾಟಕದ ಲೇಖಕರು, ಹಾಡಿನ ಸಾಹಿತ್ಯ ಮತ್ತು ರಾಗ, ಧ್ವನಿಮುದ್ರಿಕೆ, ಕಲಾವಿದರ ಪ್ರದರ್ಶನ, ಏಜೆನ್ಸಿಯ ಸುದ್ದಿಚಿತ್ರ, ಹಿನ್ನೆಲೆಯ ಫೋಟೊ ಒಂದೊಂದಕ್ಕೂ ಬೇರೆ ಹಕ್ಕುದಾರರಿರಬಹುದು. ಸಂಗೀತದಲ್ಲಿ ಮುಗ್ಗರಿಸುವವರೇ ಹೆಚ್ಚು, ಏಕೆಂದರೆ ಅಲ್ಲಿ ಕೃತಿಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. 1970ರ ಒಪ್ಪಂದಗಳಲ್ಲಿ ಅಂತರ್ಜಾಲದ ಮಾತೇ ಇರುವುದಿಲ್ಲ. ಎರಡು ಮರುಪ್ರಸಾರ ಎಂದು ಬರೆದಿದ್ದರೆ ಅದು ಎರಡೇ. ಪ್ರಸಾರಕ್ಕೆ, ಅಂತರ್ಜಾಲಕ್ಕೆ, ಪ್ರದರ್ಶನ ಮಂದಿರಕ್ಕೆ ಎಂದು ಮೂರು ಕಂಬಸಾಲಿನಲ್ಲಿ ಹೌದು, ಇಲ್ಲ, ಕೇಳಬೇಕು ಎಂದು ತುಂಬಿ, ಸಂಕಲನಕ್ಕೆ ಕೂರುವ ಮೊದಲೇ. ಸಂಕಲನ ಮುಗಿದ ಮೇಲೆ ಒಂದು ಹಾಡು ತೆಗೆಯಬೇಕಾಗಿ ಬಂದರೆ ಇಡೀ ಲಯ ಕುಸಿಯುತ್ತದೆ.

ಹಕ್ಕು ಸಿಕ್ಕಿದ್ದೆಲ್ಲ ತೋರಿಸತಕ್ಕದ್ದೂ ಅಲ್ಲ. ಅಪರಾಧದ ಸಂತ್ರಸ್ತರು, ಆಸ್ಪತ್ರೆಯ ಹಾಸಿಗೆಯಲ್ಲಿದ್ದವರು, ಅಂದು ಮಕ್ಕಳಾಗಿದ್ದು ಇಂದು ಐವತ್ತು ದಾಟಿದವರು ಇದ್ದಾರೆ. ಅವರನ್ನು ಹುಡುಕಿ ಕೇಳಿ, ಇಲ್ಲವೇ ಆ ತುಣುಕು ಬಿಡಿ.

ನಿವೃತ್ತರ ಸಂದರ್ಶನ ಹೇಗೆ ಮಾಡಬೇಕು?

‘ನಿಮ್ಮ ಅನುಭವ ಹೇಳಿ’ ಎಂದರೆ ಭಾಷಣ ಬರುತ್ತದೆ. ಒಂದು ಹಳೆಯ ತುಣುಕು ತೋರಿಸಿ, ‘ಇಲ್ಲಿ ಲೈಟು ಎಲ್ಲಿತ್ತು?’ ಎಂದು ಕೇಳಿ, ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೇಕಪ್, ರಂಗಸಜ್ಜಿಕೆ, ಟ್ರಾನ್ಸ್‌ಮಿಟರ್, ವಾಹನ ಚಾಲಕರನ್ನು ನಿರ್ದೇಶಕರಷ್ಟೇ ಮುಖ್ಯವಾಗಿ ಕೂರಿಸಿ. ಒಂದು ಸಲಕ್ಕೆ 90 ನಿಮಿಷ ಮೀರಬಾರದು. ಕೋಣೆಯ ಮೌನವನ್ನು 30 ಸೆಕೆಂಡು ದಾಖಲಿಸಿ, ಸಂಕಲನದಲ್ಲಿ ಬೇಕಾಗುತ್ತದೆ. ಒಪ್ಪಿಗೆ ಪತ್ರ ಅಂದೇ ಸಹಿ ಆಗಲಿ. ಗುರುತು ಸಿಗದ ಫೋಟೊಗಳನ್ನೂ ಅವರ ಮುಂದೆ ಹರಡಿ.

ಆ ದಿನದ ನೇರಪ್ರಸಾರದಲ್ಲಿ ಏನು ಕೆಡುತ್ತದೆ?

ತುಣುಕುಗಳು. ವೇದಿಕೆಯ ಮಾತು ಬೇಗ ಮುಗಿದು ತುಣುಕು ಸಿದ್ಧವಿರುವುದಿಲ್ಲ, ಅಥವಾ ತುಣುಕು ಮುಗಿದು ಪರದೆ ಕಪ್ಪಾಗುತ್ತದೆ. ಪ್ರತಿ ತುಣುಕಿನ ಕೊನೆಯ ಚಿತ್ರವನ್ನು 10 ಸೆಕೆಂಡು ನಿಲ್ಲಿಸಿ ಸೇರಿಸಿ. ರನ್‌ಡೌನ್‌ನಲ್ಲಿ (ಕಾರ್ಯಕ್ರಮದ ಕ್ರಮಪಟ್ಟಿಯಲ್ಲಿ) ಬೇಕಾದರೆ ಬಿಡಬಹುದಾದ ಎರಡು ತುಣುಕು, ಬೇಕಾದರೆ ತುಂಬಬಹುದಾದ ಎರಡು ತುಣುಕು ಗುರುತಿಸಿಡಿ. ತುಣುಕು ಓಡಿಸುವ ಎರಡು ಪ್ಲೇಔಟ್ ಸರ್ವರುಗಳು ಒಟ್ಟಿಗೇ ಓಡುತ್ತಿರಲಿ, ಎರಡಕ್ಕೂ ಬೇರೆ ಬೇರೆ ಯುಪಿಎಸ್.

ವೇದಿಕೆಯ ಚಿತ್ರ ಹಲವು ಪೆಟ್ಟಿಗೆಗಳನ್ನು ದಾಟಿ ಬರುವಾಗ ಒಂದೊಂದು ಫ್ರೇಮ್ ತಡವಾಗುತ್ತದೆ, ಧ್ವನಿ ಮುಂದೆ ಓಡುತ್ತದೆ. ಧ್ವನಿ ಚಿತ್ರಕ್ಕಿಂತ 40 ಮಿಲಿಸೆಕೆಂಡ್ ಮುಂದೆ, 60 ಹಿಂದೆ. ಇಷ್ಟೇ ಸಹನೆಯ ಮಿತಿ. ಹಳೆಯ ಸುದ್ದಿಗಳಲ್ಲಿ ಪತ್ರಿಕಾ ಕ್ಯಾಮೆರಾಗಳ ಫ್ಲ್ಯಾಶ್ ಸರಮಾಲೆಯಾಗಿ ಬರುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಮೂರ್ಛೆರೋಗದವರಿಗೆ ಅಪಾಯ, ಅಂಥ ತುಣುಕನ್ನು ಮೊದಲೇ ಪರೀಕ್ಷಿಸಿ ಮಂದ ಮಾಡಿ.

ಸಮಾರಂಭದ ದಾಖಲೆಯನ್ನು ಲಾಂಛನ, ಸ್ಕ್ರಾಲ್ ಯಾವುದೂ ಇಲ್ಲದ ಕ್ಲೀನ್ ಫೀಡಿನಿಂದ ಕೂಡ ಉಳಿಸಿ. ‘50’ ಎಂಬ ಚಿನ್ನದ ಲಾಂಛನ ಒಂದು ವರ್ಷಕ್ಕೆ ಚಂದ, ಮುಂದಿನ ಐವತ್ತಕ್ಕೆ ಅಡ್ಡಿ.

ಡಿಜಿಟೈಸ್ ಆಯಿತು. ಇನ್ನು ಮೂಲ ಟೇಪುಗಳನ್ನು ಎಸೆಯಬಹುದೇ?

ಬೇಡ. ಇಂದು ಸರಿಯಾಗಿ ಓದಲಾಗದ ಟೇಪನ್ನು ನಾಳೆ ಇನ್ನೊಂದು ಯಂತ್ರ ಚೆನ್ನಾಗಿ ಓದಬಹುದು. ನಿಮ್ಮ ಫೈಲಿನಲ್ಲಿ ಯಾರೂ ಗಮನಿಸದ ತಪ್ಪು ಎರಡು ವರ್ಷದ ನಂತರ ಸಿಗಬಹುದು. 18 ಡಿಗ್ರಿ ಆಸುಪಾಸಿನ ಶಾಖ, 30ರಿಂದ 40 ಪ್ರತಿಶತ ತೇವ, ಏರಿಳಿತವಿಲ್ಲದೆ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಮಲಗಿಸಿದರೆ ಸುರುಳಿಯ ಅಂಚು ಮಡಚುತ್ತದೆ. ನೆಲಮಾಳಿಗೆ ಬೇಡ, ನೀರಿನ ಕೊಳವೆಯ ಕೆಳಗೆ ಬೇಡ, ದೊಡ್ಡ ಸ್ಪೀಕರ್ ಮತ್ತು ಟ್ರಾನ್ಸ್‌ಫಾರ್ಮರಿನ ಪಕ್ಕ ಬೇಡ. ತಣ್ಣನೆಯ ಕೋಣೆಯಿಂದ ತಂದ ಟೇಪನ್ನು ಓಡಿಸುವ ಮೊದಲು 24 ಗಂಟೆ ಯಂತ್ರದ ಕೋಣೆಯಲ್ಲಿ ಬಿಡಿ. ಪಟ್ಟಿಯ ಪ್ರತಿಯನ್ನು ಕಾಗದದಲ್ಲೂ ಮುದ್ರಿಸಿ ಆ ಕೋಣೆಯಲ್ಲೇ ಇಡಿ, ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಅದರ ಮೊದಲ ಪುಟದಲ್ಲಿ ಬರೆದು.